ಡಬ್ಬದ ತಳದ ಹಿಟ್ಟು

ಅತ್ತಿಗುಪ್ಪೆಯ ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಶಾಂತವ್ವ ಓದಿದ್ದು ನಾಲ್ಕನೇ ಕ್ಲಾಸು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ನನಗೆ ಪಾಠ ಕಲಿಸಿದ್ದು ಅವರು. ಹೇಳಿಕೊಳ್ಳಲು ಮೊದಲು ಸ್ವಲ್ಪ ನಾಚಿಕೆಯಿತ್ತು, ಈಗಿಲ್ಲ.

ಶಾಂತವ್ವ ಬಾಗಲಕೋಟೆ ಕಡೆಯಿಂದ ಬಂದು ಇಪ್ಪತ್ತು ವರ್ಷವಾಯಿತು. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವರ ದನಿ ಎರಡು ಬೀದಿಗೆ ಕೇಳುತ್ತದೆ. ಅವರದೊಂದು ಕಟ್ಟುನಿಟ್ಟು: ಕಾಳು ಬದಲಾದಾಗ ಹೊಸ ಕಾಳಿನ ಎರಡು ಹಿಡಿ ಮೊದಲು ಬೀಸಿ, ಆ ಬೆರಕೆ ಹಿಟ್ಟನ್ನು ಬೇರೆ ಡಬ್ಬಕ್ಕೆ ತೆಗೆಯಬೇಕು. ಕಲ್ಲಿನ ಸಂದಿಯಲ್ಲಿ ಹಿಂದಿನವರ ಹಿಟ್ಟು ಉಳಿದಿರುತ್ತದಂತೆ.

ಒಂದು ಸೋಮವಾರ ಗೋಧಿ ಬೀಸಿಸಲು ಹೋದಾಗ ನನಗೆ ಅವಸರ. ಭಾನುವಾರ ಪಾರ್ಕಿನಲ್ಲಿ ನನ್ನ ಭಾಷಣವಿತ್ತು, ನಕ್ಷತ್ರಗಳ ನಡುವೆ ತೇಲುವ ಮೋಡಗಳ ಬಗ್ಗೆ. ಹಿಂದಿನ ಭಾಷಣಕ್ಕೆ ಬಂದವರು ಆರೇ ಜನ, ಅವರಲ್ಲಿ ಇಬ್ಬರು ಗೊರಕೆ ಹೊಡೆದಿದ್ದರು. ಈ ಸಲವೂ ಹಾಗಾದರೆ ಮತ್ತೆ ಮೈಕ್ ಮುಟ್ಟುವುದಿಲ್ಲ ಎಂದು ಹೆಂಡತಿ ಕಲ್ಯಾಣಮ್ಮನ ಮುಂದೆ ಶಪಥ ಮಾಡಿದ್ದೆ.

"ಸರ್, ಈಗಷ್ಟ ರಾಗಿ ಬೀಸೇನ್ರಿ. ಎರಡ್ ಹಿಡಿ ಗೋಧಿ ಹಾಕಿ ತಗದಬಿಡ್ತೀನಿ," ಎಂದರು ಶಾಂತವ್ವ.

"ಬೇಡಮ್ಮ, ಡಬ್ಬಕ್ಕೇ ಬಿಡಿ. ಟೈಮಿಲ್ಲ."

ಶನಿವಾರ ಕಲ್ಯಾಣಮ್ಮನ ಕೈ ಡಬ್ಬದ ತಳ ಮುಟ್ಟಿತು. "ಇದೇನ್ರೀ, ಗೋಧಿ ಹಿಟ್ಟು ತಂದ್ರಾ, ಬೂದಿ ತಂದ್ರಾ?"

ಡಬ್ಬ ಹೊತ್ತು ಗಿರಣಿಗೆ ಹೋದೆ. ಶಾಂತವ್ವ ಚಿಟಿಕೆ ಹಿಟ್ಟನ್ನು ಬೆರಳಲ್ಲಿ ಉಜ್ಜಿದರು. "ರಾಗಿ ಐತ್ರಿ. ಮೊದ್ಲ ಬಿದ್ದದ್ದು ತಳದಾಗ ಇರತೈತಿ. ನೀವು ಮರೀಬಹುದು, ಗಿರಣಿ ಮರಿಯಂಗಿಲ್ರಿ."

ಭಾಷಣಕ್ಕೆಂದು ನಾನು ನಾಲ್ಕು ಪುಟ ಬರೆದು, ಸರಿಬರದೆ ಹರಿದಿದ್ದ ಮಾತು ಅದೇ ಆಗಿತ್ತು. ಹೆಂಡತಿಯಿಂದ ಬೈಸಿಕೊಂಡದ್ದೂ ಮರೆತುಹೋಯಿತು. ನಾಳೆ ಭಾಷಣಕ್ಕೆ ಬರಲೇಬೇಕೆಂದು ಶಾಂತವ್ವನನ್ನು ಕರೆದು ಬಂದೆ.

ಭಾನುವಾರ ಡಬ್ಬವನ್ನೇ ಮೇಜಿನ ಮೇಲಿಟ್ಟೆ. ಇಪ್ಪತ್ತು ಲಕ್ಷ ವರ್ಷಗಳ ಹಿಂದೆ ಸೂರ್ಯ ಸಂಸಾರ ಸಮೇತ ಒಂದು ದಟ್ಟ, ತಣ್ಣನೆಯ ಮೋಡದೊಳಗೆ ಹಾದುಹೋಗಿರಬಹುದು ಎನ್ನುತ್ತಾರೆ ಕೆಲವು ವಿಜ್ಞಾನಿಗಳು. ಸೂರ್ಯನಿಂದ ಬೀಸುವ ಗಾಳಿ ನಮಗೆ ಕೊಡೆ. ಮೋಡದ ಒತ್ತಡಕ್ಕೆ ಕೊಡೆ ಕುಗ್ಗಿ, ಭೂಮಿ ಹೊರಗುಳಿದು, ಇಲ್ಲಿನ ಹವೆಯೂ ಬದಲಾಗಿರಬಹುದು. ನೋಡಿದವರು ಯಾರು? ಸಮುದ್ರದ ತಳದ ಅದೇ ಕಾಲದ ಪದರದಲ್ಲಿ, ನಕ್ಷತ್ರ ಸಿಡಿದಾಗ ಹುಟ್ಟುವ ಒಂದು ಬಗೆಯ ಕಬ್ಬಿಣ ಸಿಕ್ಕಿದೆ; ಆ ಮೋಡವೇ ಅದನ್ನು ಉದುರಿಸಿ ಹೋಗಿರಬಹುದು. ಇಷ್ಟು ಹೇಳಿ ಡಬ್ಬ ವಾಲಿಸಿ ತಳದ ಬೂದು ಹಿಟ್ಟು ತೋರಿಸಿದೆ. ಜನ ಕತ್ತು ಚಾಚಿ ನೋಡಿದರು.

ಹಿಂದಿನ ಸಾಲಿನಲ್ಲಿ ಶಾಂತವ್ವ ಎದ್ದರು. ಅವರಿಗೆ ಮೈಕ್ ಬೇಕಿರಲಿಲ್ಲ. "ಸರ್, ಆ ಕಬ್ಬಣ ಮೋಡದ್ದ ಅಂತ ಹೆಂಗ ಹೇಳ್ತೀರಿ? ಸಿಡಿದ ನಕ್ಷತ್ರದಿಂದ ಸೀದಾ ಬಂದಿರಬಾರದೇನು?"

ವಿಜ್ಞಾನಿಗಳು ಇವತ್ತಿಗೂ ಗುದ್ದಾಡುತ್ತಿರುವುದು ಆ ಪ್ರಶ್ನೆಯ ಮೇಲೇ. ಮೂವತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ನನ್ನನ್ನು ಹೀಗೆ ಹಿಡಿದು ನಿಲ್ಲಿಸಿರಲಿಲ್ಲ. "ಗೊತ್ತಿಲ್ಲಮ್ಮ, ಇನ್ನೂ ಯಾರಿಗೂ ಗೊತ್ತಿಲ್ಲ," ಎನ್ನುವಾಗ ನನಗೆ ಕುಣಿಯುವಷ್ಟು ಖುಷಿಯಾಯಿತು.

ಭಾಷಣ ಮುಗಿದ ಮೇಲೆ ಶಾಂತವ್ವ ಬುಟ್ಟಿ ಬಿಚ್ಚಿದರು. ಗಿರಣಿಯಲ್ಲಿ ಬೇರೆ ತೆಗೆದಿಟ್ಟ ಬೆರಕೆ ಹಿಟ್ಟಿನ ರೊಟ್ಟಿ. "ಇದ್ರಾಗ ಎಲ್ಲಾರ ಮನೀದೂ ಐತ್ರಿ, ತಿನ್ರಿ." ಜನ ಅವರನ್ನು ಮುತ್ತಿಕೊಂಡು ರೊಟ್ಟಿ ಮುರಿಯುತ್ತ ಇದು ಯಾರ ಮನೆ ಜೋಳ, ಮುಂದಿನ ಮೋಡ ಯಾವಾಗ ಎಂದು ಅವರನ್ನೇ ಕೇಳತೊಡಗಿದರು. ಚಟ್ನಿಪುಡಿ ಬಡಿಸುವ ಕೆಲಸ ನನ್ನ ಪಾಲಿಗೆ ಬಂತು, ನಾನು ಎರಡೆರಡು ಸುತ್ತು ಬಡಿಸಿದೆ.