ಮೂಲೆಯ ಬಲೂನುಗಳು

ನಮ್ಮ ಶಿಕಾಗೋದ ದಕ್ಷಿಣ ಭಾಗದಲ್ಲಿ ಬೀದಿ ಮೂಲೆಯೆಂದರೆ ಗ್ಯಾಂಗಿನ ಹುಡುಗರ ಜಾಗ. ಗ್ಯಾಂಗಿನವನೊಬ್ಬ ಜೊತೆಗಿದ್ದರೂ ಸಾಕು, ಕೆಲಸವಿಲ್ಲದೆ ಗುಂಪಾಗಿ ನಿಂತವರನ್ನೆಲ್ಲ ಪೊಲೀಸರು ಚದುರಿಸಬಹುದೆಂಬ ಕಾನೂನು ನಗರಸಭೆಯ ಮುಂದೆ ಬಂದಾಗ, ಅದಕ್ಕಾಗಿ ಹೆಚ್ಚು ಅಲೆದವಳು ನಮ್ಮ ಪಕ್ಕದ ಮನೆಯ ವರ್ಲೀನ್. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ, ಊದಿದ ಕಾಲೆಳೆದುಕೊಂಡೇ ಸಭೆಗಳಿಗೆ ಹೋಗುತ್ತಿದ್ದಳು. ಅವಳ ಮಗ ಲಮಾಂಟ್ ಆ ಮೂಲೆಯಲ್ಲೇ ಗುಂಡು ತಗುಲಿ ಸತ್ತಿದ್ದ. ಅಂದಿನಿಂದ ಅವಳು ಕಿಟಕಿ ಪಕ್ಕ ಮಲಗುವುದನ್ನೇ ಬಿಟ್ಟಿದ್ದಳು.

ಆ ಕಾನೂನಿನ ಬಗ್ಗೆ ನಗರಸಭೆ ಜನರ ಮಾತು ಕೇಳಿದ ದಿನ ಅವಳ ಜೊತೆಗೆ ನಾನೂ ಹೋಗಿದ್ದೆ. ಸರದಿ ಬಂದಾಗ ಅವಳು ಮೈಕಿನ ಮುಂದೆ ಹೋಗಿ ನಿಂತಳು.

"ಹೇಳಿ ಮಿಸ್ ವರ್ಲೀನ್, ಕಾನೂನು ಬೇಕು ತಾನೆ?" ಎಂದ ನಮ್ಮ ಕೌನ್ಸಿಲರ್ ಹಾಲ್ಸೆ.

"ಬೇಕಪ್ಪಾ, ಸಾಕಾಗಿಹೋಗಿದೆ ನಂಗೆ. ಆದ್ರೆ ಮಗನ ನೆನಪಿಗೆ ಅವನ ಹುಟ್ಟುಹಬ್ಬದ ದಿನ ವರ್ಷಾ ವರ್ಷಾ ಅದೇ ಮೂಲೇಲಿ ನಿಂತು ಬಲೂನ್ ಹಾರಿಸ್ತೀವಲ್ಲ, ಅದಕ್ಕೇನ್ಮಾಡ್ಲಿ?"

"ಅದಕ್ಯಾರು ಅಡ್ಡ ಬರ್ತಾರೆ? ಗ್ಯಾಂಗಿನವ್ರು ಜೊತೇಲಿ ಇಲ್ದಿದ್ರೆ ಆಯ್ತು."

ಇವನಿಗೇನು ಗೊತ್ತು, ಮಣ್ಣು! ಮೊದಲ ವರ್ಷ ಬಲೂನು ಹಾರಿಸಲು ಚರ್ಚಿನವರೆಲ್ಲ ಬಂದಿದ್ದರು, ಪಾದ್ರಿಯೂ ಪ್ರಾರ್ಥನೆ ಮಾಡಿದ್ದರು. ಆಮೇಲೆ ಒಬ್ಬೊಬ್ಬರಾಗಿ ಜಾರಿಕೊಂಡರು.

"ಈಗ ಬರೋದು ಆ ಗ್ಯಾಂಗಿನ ಹುಡುಗ್ರು ಮಾತ್ರ ಕಣಪ್ಪಾ," ಎಂದಳು ವರ್ಲೀನ್. "ಲಮಾಂಟ್ ಮುಖ ಅಚ್ಚು ಹಾಕಿಸಿದ ಅಂಗಿ ತೊಟ್ಕೊಂಡು ಬರ್ತಾರೆ. ಓಡಿಸಿ, ಅವ್ರನ್ನ ಓಡಿಸ್ಲೇಬೇಕು. ಆದ್ರೆ ಆ ದಿನ ಬಲೂನ್ ಹಿಡ್ಕೊಳ್ಳೋಕೆ ನೀನು ಬರ್ತೀಯಾ?"

ಹಾಲ್ಸೆ ಕೈಯಲ್ಲಿದ್ದ ಪಟ್ಟಿ ನೋಡಿ ಮುಂದಿನವರ ಹೆಸರು ಕರೆದ.