ವಾಸನೆಯಿಲ್ಲದ ಕಿರಾಣಿ ಅಂಗಡಿ

ಬನಹಟ್ಟಿಯ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಜಮಖಂಡಿಯ ಬಿಸಿಲು ತಾಳದೆ, ಹೊಸದಾಗಿ ತೆರೆದಿದ್ದ ಎ.ಸಿ. ಕಿರಾಣಿ ಅಂಗಡಿ ಹೊಕ್ಕೆ. ಬಾಗಿಲಲ್ಲೇ ನನ್ನ ಚೀಲ ಇಸಿದುಕೊಂಡು ಟೋಕನ್ ಕೊಟ್ಟರು. ನಾನೇನು ಕದಿಯಲು ಬಂದವನೇ? ಒಳಗೆ ಮೆಣಸಿನಕಾಯಿ, ಹುಣಸೆ, ಮಸಾಲೆ ಎಲ್ಲವೂ ಇದ್ದವು, ಆದರೆ ಯಾವುದರ ವಾಸನೆಯೂ ಇಲ್ಲ. ವಾಸನೆಯಿಲ್ಲದ ಕಿರಾಣಿ ಅಂಗಡಿಯನ್ನು ನಾನು ನಂಬುವುದಿಲ್ಲ.

ಪಕ್ಕದಲ್ಲಿ ಇಳಕಲ್ ಸೀರೆಯ ಮುದುಕಿಯೊಬ್ಬಳು ಬೆಲ್ಲದ ಡಬ್ಬಿಯ ಮುಚ್ಚಳ ತಿರುವಿ ಚೂರು ಮುರಿದಳು. ಡಬ್ಬಿಯ ಮೇಲೆ ‘ಸಾವಯವ’ ಎಂದಿತ್ತು. ಬಣ್ಣ ಮಾತ್ರ ಚೆಂಡುಹೂವಿನ ಹಳದಿ.

ಅಂಗಡಿಯ ಸಮವಸ್ತ್ರ ತೊಟ್ಟ ಹೆಂಗಸು ಓಡಿ ಬಂದಳು. “ಆಯಿ, ಸೀಲ್ ಒಡದ್ರ ತಗೊಳ್ಳಾಕ ಬೇಕ್ರಿ!”

“ಬಾಯಾಗ ಹಾಕ್ಕೊಳ್ದ ಬೆಲ್ಲ ಹೆಂಗ ತಗೋಬೇಕವಾ? ಸಂತ್ಯಾಗ ಮಾರಾವ್ರು ತಾವ ಕರದು ಚೂರು ಕೊಡ್ತಾರ. ಇಷ್ಟು ಹಳದಿ ಐತಿ ಅಂದ್ರ ಔಷಧ ಹಾಕ್ಯಾರ. ನೀನರ ತಿಂದು ನೋಡೀಯೇನ?”

“ಇಲ್ರಿ. ನಮಗ ಮುಟ್ಟಾಕ ಬಿಡೂದಿಲ್ಲ.”

ಮುದುಕಿ ಆ ಚೂರನ್ನು ಅವಳ ಅಂಗೈಗೆ ಹಾಕಿದಳು. ಅವಳು ಮೂಲೆಯ ಕ್ಯಾಮೆರಾಕ್ಕೆ ಬೆನ್ನು ಮಾಡಿ ಬಾಯಿಗಿಟ್ಟುಕೊಂಡಳು. ಹುಬ್ಬು ಗಂಟಾಯಿತು.

“ಹೆಂಗೈತಿ?”

ಗಲ್ಲಾದ ಬಳಿಯಿಂದ ಮ್ಯಾನೇಜರ್ ಇತ್ತಲೇ ನೋಡುತ್ತಿದ್ದ. “ಭಾಳ ಛಲೋ ಐತ್ರಿ,” ಎಂದು ಅವನಿಗೆ ಕೇಳುವಷ್ಟು ಜೋರಾಗಿ ಹೇಳಿದವಳು, ಮುದುಕಿಗೆ ಕಣ್ಣಲ್ಲೇ ಬೇಡ ಎಂದಳು.

ಮುದುಕಿ ಅವನನ್ನು ನೋಡಿದಳು, ಇವಳನ್ನು ನೋಡಿದಳು, ಡಬ್ಬಿಗೆ ಮುಚ್ಚಳ ಹಾಕಿ ಬಗಲಲ್ಲಿ ಇಟ್ಟುಕೊಂಡಳು.

“ಇರ್ಲಿ ಬಿಡವಾ, ನಿನ್ನ ಮ್ಯಾಲೆ ಬರೂದು ಬ್ಯಾಡ. ನಮ್ಮ ಎಮ್ಮಿ ಮುಂದ ಇಡ್ತೇನಿ. ಅದು ಮೂಸಿ ನೋಡಿ ಹೇಳತೈತಿ.”