ಅತ್ತೆಯ ಕಾಡಿಗೆ ಮತ್ತು ಬೇಸ್‌ಬಾಲು

ಮೊನ್ನೆ ಶನಿವಾರ ಬೆಳಿಗ್ಗೆ ಕಾರಿನ ಡಿಕ್ಕಿ ಗುಡಿಸಲು ಹೊರಟೆ. ನಮ್ಮ ಡಿಕ್ಕಿಯೆಂದರೆ ಅರ್ಧ ಆಟದ ಮೈದಾನ. ಕೆಂಪು ಮಣ್ಣು, ಒಂಟಿ ಕಾಲುಚೀಲ, ಹುಡುಗರು ಅಗಿದು ಉಗಿದ ಸೂರ್ಯಕಾಂತಿ ಬೀಜದ ಸಿಪ್ಪೆ. ಇವುಗಳ ನಡುವಿನಿಂದ ಪುಟ್ಟ ಹಿತ್ತಾಳೆ ಡಬ್ಬಿಯೊಂದು ಉರುಳಿ ಬಂತು. ಮುಚ್ಚಳ ತೆಗೆದರೆ ಹರಳೆಣ್ಣೆ ಮತ್ತು ಪಚ್ಚಕರ್ಪೂರದ ವಾಸನೆ. ನಮ್ಮತ್ತೆಯ ಕಾಡಿಗೆ! ಪೊರಕೆ ಕೆಳಗಿಟ್ಟು ಡಿಕ್ಕಿಯ ಅಂಚಿನಲ್ಲೇ ಕೂತುಬಿಟ್ಟೆ. ನೀವೂ ಕೂತುಕೊಳ್ಳಿ. ನಾವೀಗಿರುವ ಊರು ಕ್ಯಾಂಪ್‌ಬೆಲ್ಲಿನ ಬಿಸಿಲು ಬೆಳಗಿನ ಹೊತ್ತು ಅಷ್ಟೇನೂ ಸುಡುವುದಿಲ್ಲ.

ನನ್ನ ಮಗ ಪ್ರಣವನಿಗೆ ಬೇಸ್‌ಬಾಲಿನ ಹುಚ್ಚು. ಮೈಸೂರಿನಲ್ಲಿ ಬೆಳೆದ ನನಗೆ ಆ ಆಟದಲ್ಲಿ ಯಾರು ಯಾಕೆ ಓಡುತ್ತಾರೆ ಎಂಬುದು ತಿಳಿಯಲೇ ಎರಡು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಹುಡುಗ ಹೈಸ್ಕೂಲಿಗೆ ಬಂದ, ‘ಶೋಕೇಸ್’ ಎಂಬ ಹೊಸ ಪದ ಮನೆಗೆ ಬಂತು. ಊರೂರಿನ ಹುಡುಗರು ಒಂದು ಮೈದಾನದಲ್ಲಿ ಸೇರಿ ಓಡಿ, ಎಸೆದು, ಹೊಡೆದು ತೋರಿಸುವುದು. ಕಾಲೇಜು ಟೀಮುಗಳ ಕೋಚುಗಳು ಮಡಿಚುವ ಕುರ್ಚಿಯಲ್ಲಿ ಕೂತು ತಮಗೆ ಬೇಕಾದವರನ್ನು ಆರಿಸಿಕೊಳ್ಳುವುದು. ನಮ್ಮ ಕಡೆಯ ಹೆಣ್ಣು ನೋಡುವ ಶಾಸ್ತ್ರವೇ ಸರಿ, ಉಪ್ಪಿಟ್ಟು ಕೇಸರಿಬಾತು ಇಲ್ಲ ಅಷ್ಟೆ. ನನ್ನ ಗಂಡ ಮಗನ ಆಟದ ವಿಡಿಯೋ ಮಾಡಿ, ಗುರುತಿಲ್ಲದ ಕೋಚುಗಳಿಗೆಲ್ಲ ಇಮೇಲು ಕಳಿಸುತ್ತಿದ್ದರು. ಒಬ್ಬರಾದರೂ ಇವನನ್ನು ನೋಡಲಿ ಎಂಬುದೊಂದೇ ನಮ್ಮ ಜಪ. ಪ್ರಣವ ಬಾಯಿಬಿಟ್ಟು ಹೇಳದಿದ್ದರೂ, ಉತ್ತರ ಬಂತೇ ಎಂದು ಅಪ್ಪನ ಮುಖವನ್ನು ದಿನಾ ನೋಡುತ್ತಿದ್ದ.

ಇಂಥ ಹೊತ್ತಿನಲ್ಲಿ ಅತ್ತೆ ಮೈಸೂರಿನಿಂದ ಬಂದರು. ಅವರ ಸಿದ್ಧಾಂತ ಪೂರಾ ಉಲ್ಟಾ. ಮಗು ಚೆನ್ನಾಗಿ ಆಡುತ್ತದೆ ಎಂದು ಊರಿಗೆಲ್ಲ ಯಾಕೆ ಸಾರುತ್ತೀಯ ಎಂದು ತಮ್ಮ ಮಗನನ್ನು ಗದರಿದರು. ನಾಲ್ಕು ಜನರ ದೃಷ್ಟಿ ಬಿದ್ದರೆ ಕಲ್ಲೂ ಸೀಳುತ್ತದಂತೆ. ಬೆಳಿಗ್ಗೆ ಹುಡುಗ ಹೊರಡುವಾಗ ಕಾಡಿಗೆ ಡಬ್ಬಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು, ಅವನು ತಪ್ಪಿಸಿಕೊಂಡು ಓಡುತ್ತಿದ್ದ. ಎಲ್ಲರ ಕಣ್ಣು ಬೀಳಲಿ ಎನ್ನುವ ಮಗ, ಯಾರ ಕಣ್ಣೂ ಬೀಳದಿರಲಿ ಎನ್ನುವ ತಾಯಿ, ಇಬ್ಬರ ನಡುವೆ ದೋಸೆ ಹಾಕುವ ಸೊಸೆ ನಾನು.

ಆ ವರ್ಷದ ದೊಡ್ಡ ಶೋಕೇಸು ಸ್ಯಾನ್ ಹೊಸೆಯ ಆಚೆ. ಅತ್ತೆ ತಾವೂ ಬರುತ್ತೇನೆಂದರು. ನನ್ನ ಗಂಡ ಕ್ಯಾಮರಾ ಹಿಡಿದು ಬೇಲಿಯ ಹತ್ತಿರ ಹೋದರು, ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಅತ್ತೆ ಮೈದಾನವನ್ನು ಕಣ್ಣು ಕಿರಿದು ಮಾಡಿ ನೋಡಿದರು, ಮುಖ ಅರಳಿತು.

“ನೋಡೇ, ಈ ದೇಶದ ತಾಯಂದ್ರಿಗೂ ಗೊತ್ತು. ಎಲ್ಲಾ ಮಕ್ಕಳಿಗೂ ಕಪ್ಪು ಹಚ್ಚೇ ಕಳ್ಸಿದಾರೆ.”

ಬಿಸಿಲಿನ ಝಳ ಕಣ್ಣಿಗೆ ಹೊಡೆಯಬಾರದೆಂದು ಆಟಗಾರರು ಕಣ್ಣಿನ ಕೆಳಗೆ ಕಪ್ಪು ಬಳಿದುಕೊಳ್ಳುತ್ತಾರೆ, ಅಷ್ಟೇ. ಆದರೆ ಆ ಸಂತೋಷವನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಪ್ರಣವ ಓಡಿ ಬಂದು ಬ್ಯಾಗನ್ನೆಲ್ಲ ಕೆದಕಿದ. ಅವನ ಕಪ್ಪು ಬಣ್ಣದ ಕಡ್ಡಿ ಮನೆಯಲ್ಲೇ ಉಳಿದಿತ್ತು. ಅತ್ತೆ ಆಗಲೇ ಕೈಚೀಲದಿಂದ ಡಬ್ಬಿ ತೆಗೆದಿದ್ದರು. ಅವನು ನನ್ನನ್ನು ನೋಡಿದ, ಕೋಚುಗಳ ಸಾಲನ್ನು ನೋಡಿದ, ಅಜ್ಜಿಯ ಮುಂದೆ ಮಂಡಿಯೂರಿದ. ಅವರು ಎರಡೂ ಕಣ್ಣಿನ ಕೆಳಗೆ ದಟ್ಟವಾಗಿ ಹಚ್ಚಿದರು.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಚೆನ್ನಾಗಿ ಓಡಿದ. ಮೈದಾನದ ಆ ಕೊನೆಯಿಂದ ಎಸೆದ ಚೆಂಡು ಈ ಕೊನೆಗೆ ನೇರ ಬಂತು, ನೀಲಿ ಟೋಪಿಯ ಕೋಚೊಬ್ಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಆಮೇಲೆ ಆಕಾಶಕ್ಕೆ ಹೊಡೆದ ಚೆಂಡು ಹಿಡಿಯುವ ಸರದಿ. ಬಿಸಿಲೇರಿತ್ತು. ಮನೆಯಲ್ಲಿ ಹರಳೆಣ್ಣೆ ಕಲಸಿ ಮಾಡಿದ ಕಾಡಿಗೆ ಕರಗುವುದಿಲ್ಲವೇ? ಹುಡುಗ ಬೆವರೆಂದು ತೋಳಿನಿಂದ ಮುಖ ಒರೆಸಿಕೊಂಡ, ಕರ್ಪೂರ ಕಣ್ಣಿಗೆ ಹೋಯಿತು. ದೂರದಿಂದಲೇ ನನಗೆ ಕಂಡಿತು, ಕಣ್ಣು ಉಜ್ಜುತ್ತಿದ್ದಾನೆ, ಪಿಳುಕಿಸುತ್ತಿದ್ದಾನೆ. ಚೆಂಡು ಅವನ ಹಿಂದೆ ಬಿತ್ತು. ಇನ್ನೊಂದೂ ಬಿತ್ತು. ನೀಲಿ ಟೋಪಿಯವರು ಹಿಂದಕ್ಕೆ ಒರಗಿ, ಮುಂದಿನ ಹುಡುಗನನ್ನು ನೋಡತೊಡಗಿದರು.

ಕಾರಿಗೆ ಬರುವಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ‘ಅತ್ತೆ, ನಿಮ್ಮ ಕಾಡಿಗೆ’ ಎಂಬಷ್ಟು ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಅವನ ಪಕ್ಕ ಕೂತ ಅತ್ತೆಯೇ ಕೇಳಿದರು, “ಯಾಕೋ ಮರಿ, ಕಣ್ಣು ಇಷ್ಟು ಕೆಂಪಾಗಿದೆ?”

ಊಟ ಆಯ್ತಾ ಎಂದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗ ಇವನು. ಅವತ್ತು ಒಂದೊಂದೇ ಪದ ಹುಡುಕಿ ಹೇಳಿದ: “ಸೂರ್ಯ ಕಣ್ಣಿಗೆ ಬಂತು ಅಜ್ಜಿ. ನಿನ್ನ ಕಾಡಿಗೆ ಇತ್ತಲ್ಲ, ಅದಕ್ಕೇ ಸ್ವಲ್ಪನೇ ಉರಿ.”

ಹೇಳಿ, ಮುಂದಿನ ಕನ್ನಡಿಯಲ್ಲಿ ನನ್ನನ್ನೇ ನೋಡಿದ. ನಾನು ಆ ಮಾತು ಬಿಟ್ಟು ಕಾರು ಹೊರಡಿಸಿದೆ. ನಾನು ಹೇಳ್ಲಿಲ್ವಾ ಎಂದು ಅತ್ತೆ ಬೀಗಿದರು, ಸೆರಗಿನ ತುದಿಯಿಂದ ಅವನ ಕೆನ್ನೆ ಒರೆಸಿದರು. ಫ್ರೀವೇ ಉದ್ದಕ್ಕೂ ನನಗೆ ಅಳು ತಡೆಯಲಾಗಲಿಲ್ಲ. ಕೋಚುಗಳು ಅವನ ಓಟ ಅಳೆದರು, ಎಸೆತ ಅಳೆದರು. ಈ ಮಾತು ಕೇಳಲು ಅವರಲ್ಲಿ ಒಬ್ಬರೂ ಕಾರಿನಲ್ಲಿರಲಿಲ್ಲ. ನಾನಿದ್ದೆ. ನನ್ನ ಮಗ ಎಂಥವನೆಂದು ನಾನೂ ಅವತ್ತೇ ಸರಿಯಾಗಿ ನೋಡಿದ್ದು.

ಯಾವ ಕೋಚೂ ಬರೆಯಲಿಲ್ಲ. ಅತ್ತೆ ಡಬ್ಬಿಯನ್ನು ಮೊಮ್ಮಗನಿಗೇ ಬಿಟ್ಟು ಮೈಸೂರಿಗೆ ಹಿಂತಿರುಗಿದರು. ಕಾಡಿಗೆ ಮುಗಿದಿದ್ದರೆ ಹೇಳಿ, ಯಾರ ಕೈಲಾದರೂ ಕಳಿಸುತ್ತೇನೆಂದು ಈಗಲೂ ಫೋನಿನಲ್ಲಿ ಹೇಳುತ್ತಾರೆ. ಇನ್ನೂ ಇದೆ ಅಜ್ಜಿ ಎನ್ನುತ್ತಾನೆ ಇವನು. ಪ್ರಣವ ಮನೆಗೆ ಹತ್ತಿರದ ಎರಡು ವರ್ಷದ ಕಾಲೇಜಿಗೆ ಸೇರಿದ್ದಾನೆ. ಅಲ್ಲಿಯ ಟೀಮಿಗೆ ಯಾರೂ ಕರೆಯದಿದ್ದರೂ ಹೋಗಿ ಆಡಿ ತೋರಿಸಬಹುದಂತೆ. ಆ ಆಯ್ಕೆಯ ಆಟ ಇದ್ದದ್ದು ಮೊನ್ನೆ ಶನಿವಾರವೇ. ಡಿಕ್ಕಿ ಗುಡಿಸಿದ್ದೂ ಅದಕ್ಕೇ.

ಬ್ಯಾಗು ಹೊತ್ತು ಹೊರಗೆ ಬಂದವನು ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ನಕ್ಕ. ನಾನು ಮುಚ್ಚಳ ಹಾಕಲು ಹೋದೆ. ಅವನು ಬ್ಯಾಗು ಇಳಿಸಿ, ನನಗಿಂತ ಒಂದು ಗೇಣು ಎತ್ತರದ ತಲೆಯನ್ನು ಬಗ್ಗಿಸಿದ.

“ಕಿವಿ ಹಿಂದೆ ಇಡಮ್ಮ. ಕಣ್ಣಿಗೆ ಬೇಡ.”

ಇದನ್ನೆಲ್ಲ ನಂಬದವಳು ನಾನು. ಬೆರಳು ಅದ್ದಿ ಬೊಟ್ಟಿಟ್ಟೆ. ಸ್ವಲ್ಪ ದೊಡ್ಡದೇ ಆಯಿತು.